ಹಾಸಿನ ಬೀದಿಗೆ ಬೇಗ ಹೋದ ವ್ಯಾನು

ನಮ್ಮ ವ್ಯಾನಿನಲ್ಲಿ ಬೆಳಗಿನ ಕಾಫಿ ಐದೂಕಾಲಿಗೆ, ತಿಂಡಿ ಏಳೂವರೆಗೆ, ಊಟ ಹನ್ನೆರಡೂವರೆಗೆ. ಸಂಜೆ ಐದು ದಾಟಿದ ಮೇಲೆ ನಾನು ಸ್ಟಿಯರಿಂಗ್ ಮುಟ್ಟುತ್ತಿರಲಿಲ್ಲ. ಈ ಕೊನೆಯ ನಿಯಮ ಮೊದಲಿನಿಂದ ಇದ್ದದ್ದಲ್ಲ, ಕಳೆದ ದೀಪಾವಳಿಯ ನಂತರ ಸೇರಿಸಿದ್ದು. ಹೆಂಡತಿ ಕಾರಣ ಕೇಳಿದಾಗ ಶಿಸ್ತು ಎಂದಷ್ಟೇ ಹೇಳಿದೆ. ನಿಜವಾದ ಕಾರಣ ಬೇರೆ. ಎದುರು ಬರುವ ಗಾಡಿಗಳ ದೀಪ ನನ್ನ ಬಲಗಣ್ಣಿನಲ್ಲಿ ಒಡೆದು ಹರಡತೊಡಗಿತ್ತು. ಎಡಗಣ್ಣೂ ಅದರ ಹಿಂದೆಯೇ ಹೊರಟಿತ್ತು.

ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಗಾಡಿ ಓಡಿಸುವುದನ್ನು ಬಿಡಬೇಕಿತ್ತು, ಬಿಟ್ಟರೆ ತಿರುಗಾಟ ನಿಲ್ಲುತ್ತದೆ ಎಂದು ನಾನು ನಂಬಿದ್ದೆ. ತಿರುಗಾಟ ನಿಂತರೆ ಬೆಳಗ್ಗೆ ಐದಕ್ಕೆ ಎದ್ದು ಮಾಡುವುದೇನು ಎಂಬುದು ನನಗೆ ಗೊತ್ತಿರಲಿಲ್ಲ.

ನಾನು ಮೂವತ್ತಮೂರು ವರ್ಷ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಬರೆಯುವುದು, ಹೊರಡದಿದ್ದರೆ ಸೀಟಿ ಊದಿ ಹೊರಡಿಸುವುದು ನನ್ನ ಕೆಲಸ. ಅದಕ್ಕೂ ಮೊದಲು ಮಠದ ವಿದ್ಯಾರ್ಥಿನಿಲಯದಲ್ಲಿ ಓದಿದೆ. ಅಲ್ಲಿ ನಾಲ್ಕೂವರೆಗೆ ಗಂಟೆ ಬಾರಿಸುತ್ತಿದ್ದರು, ಏಳದವರ ಮುಖಕ್ಕೆ ತಣ್ಣೀರು ಬೀಳುತ್ತಿತ್ತು. ಒಂದೇ ಸಲ ನನಗೆ ಬಿದ್ದದ್ದು. ಸಮಯ ನನ್ನ ಮೈಯೊಳಗೆ ಹಾಗೆ ಕೂತಿದೆ.

ನಿವೃತ್ತಿಯಾದ ವರ್ಷ ಶಾಲೆ ಮಕ್ಕಳನ್ನು ಕರೆದೊಯ್ಯುತ್ತಿದ್ದ ಒಂದು ಹಳೆಯ ವ್ಯಾನು ಕೊಂಡೆ. ದಾವಣಗೆರೆಯ ಬಡಗಿಯೊಬ್ಬ ಸೀಟು ಕಿತ್ತು ಮಂಚ, ಕಪಾಟು, ಒಲೆಯ ಕಟ್ಟೆ ಮಾಡಿಕೊಟ್ಟ. ಹಿಂದೆ ನೀರಿನ ಡ್ರಮ್ಮು, ಮೇಲೆ ಸೋಲಾರ್ ಹಲಗೆ. ಪರದೆಯ ಬಟ್ಟೆ ಮಾತ್ರ ಹೆಂಡತಿಯ ಆಯ್ಕೆ. ಅವಳು ಪ್ರಾಥಮಿಕ ಶಾಲೆಯ ಟೀಚರಾಗಿದ್ದವಳು. ಮೊದಲು ಸ್ಕೂಟರಿನಲ್ಲಿ, ಆಮೇಲೆ ಸಣ್ಣ ಕಾರಿನಲ್ಲಿ ಹಳ್ಳಿ ಶಾಲೆಗೆ ಹೋಗಿಬಂದವಳು. ಆದರೂ ವ್ಯಾನಿನ ಕೀಲಿಕೈಯನ್ನು ಅವಳ ಕೈಗೆ ಕೊಟ್ಟಿರಲಿಲ್ಲ. "ಇದು ದೊಡ್ಡ ಗಾಡಿ" ಎನ್ನುತ್ತಿದ್ದೆ. ಅವಳು ಎರಡು ಸಲ ಕೇಳಿ ಸುಮ್ಮನಾದಳು.

ನಮ್ಮ ತಿರುಗಾಟಕ್ಕೆ ಒಂದು ಪದ್ಧತಿಯಿತ್ತು. ಒಂದು ತಾಲ್ಲೂಕಿಗೆ ಎರಡು ರಾತ್ರಿ. ಪ್ರತಿ ತಾಲ್ಲೂಕಿನಲ್ಲಿ ಅಲ್ಲಿಯದೇ ಆದ ಒಂದು ತಿನಿಸು, ಒಂದು ಕುಡಿಯುವ ಪದಾರ್ಥ, ಅದನ್ನು ಮಾಡುವ ಜಾಗದಲ್ಲೇ ಕೂತು ರುಚಿ ನೋಡಬೇಕು. ನೋಟ್‌ಬುಕ್ಕಿನಲ್ಲಿ ಹತ್ತಕ್ಕೆ ಇಷ್ಟು ಎಂದು ಇಬ್ಬರೂ ಅಂಕ ಕೊಡಬೇಕು. ಬರೆಯುವವನು ನಾನು. ನಮ್ಮ ಅಂಕಗಳು ಹೊಂದಿಕೆಯಾದದ್ದು ಕಡಿಮೆ.

ಚಳ್ಳಕೆರೆಯಲ್ಲೂ ಹೊಂದಲಿಲ್ಲ. ಊರು ಎರಡು ಮೈಲಿ ಇರುವಾಗಲೇ ಶೇಂಗಾ ಹುರಿದ ವಾಸನೆ ಕಿಟಕಿಯೊಳಗೆ ಬಂದಿತ್ತು. ಒಂದು ಗಾಣದ ಮುಂದೆ ಗಾಡಿ ನಿಲ್ಲಿಸಿ ವಿಷಯ ಹೇಳಿದೆವು. ಹಣೆಯ ಮೇಲೆ ವಿಭೂತಿ ಇದ್ದ ಯಜಮಾನರು ನಕ್ಕು ಒಳಗೆ ಕರೆದರು. ಅವರ ಮನೆಯಿಂದ ಬಿಸಿ ಸಜ್ಜೆ ರೊಟ್ಟಿ ಬಂತು, ಮೇಲೆ ಚಟ್ನಿಪುಡಿ, ಪುಡಿಯ ನಡುವೆ ಗುಳಿ ಮಾಡಿ ಆಗ ತಾನೇ ತಂದ ಎಣ್ಣೆ.

"ಬಣ್ಣ ನೋಡ್ರಿ ಅಣ್ಣಾರೆ" ಎಂದು ಯಜಮಾನರು ಗಾಜಿನ ಲೋಟದಲ್ಲಿ ಇನ್ನಷ್ಟು ಎಣ್ಣೆ ಹಿಡಿದು ಬೆಳಕಿಗೆ ತೋರಿಸಿದರು. "ನಾಕು ದಿನ ತಿಳಿಯಾಗಕ್ಕೆ ಬಿಟ್ಟಿದ್ದು. ಲೋಟದ ಆಕಡೆ ನನ್ ಬೆಟ್ಟು ಎಷ್ಟು ಅಂತ ಎಣಿಸಬೋದು."

ನನಗೆ ಬೆರಳು ಕಾಣಲಿಲ್ಲ. ಮಜ್ಜಿಗೆ ಕಲೆಸಿದ ಹಾಗೆ ಕಂಡಿತು. ಚೆನ್ನಾಗಿದೆ ಎಂದು ತಲೆಯಾಡಿಸಿದೆ. ಸಂಜೆ ನೋಟ್‌ಬುಕ್ಕಿನಲ್ಲಿ ರುಚಿ ಒಳ್ಳೆಯದು, ಎಣ್ಣೆ ಕದಡಿದೆ, ಆರು ಅಂಕ ಎಂದು ಬರೆದೆ.

"ಆರಾ?" ಎಂದಳು ಹೆಂಡತಿ. "ಕದಡಿತ್ತಾ? ರೀ, ತಳ ಕಾಣ್ತಿತ್ತಲ್ರೀ."

"ನಿಂಗೆ ಹಂಗೆ ಕಂಡಿರಬೋದು."

"ನಂದು ಒಂಬತ್ತು ಬರ್ಕೊಳ್ಳಿ" ಎಂದಳು. ಆಮೇಲೆ ಯಾಕೋ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

ಚಳ್ಳಕೆರೆಯಲ್ಲಿ ಎರಡು ರಾತ್ರಿ ಮುಗಿಸಿ ಮೊಳಕಾಲ್ಮೂರಿಗೆ ಹೊರಟೆವು. ದಾರಿಯುದ್ದಕ್ಕೂ ಅವಳ ಬಾಯಿ ನಿಲ್ಲಲಿಲ್ಲ. ಮುಂದೆ ಹಂಪ್ ಐತೆ. ಎಡಗಡೆ ಕುರಿ ಮಂದೆ ನೋಡ್ರಿ, ಎಷ್ಟು ಚೆನ್ನಾಗಿದಾವೆ. ಅಗೋ ಟ್ರ್ಯಾಕ್ಟರ್, ಹಿಂದೆ ಕೆಂಪು ದೀಪಾನೇ ಇಲ್ಲ, ಎಂಥ ಜನ ಇವ್ರು. ಸೈಕಲ್ನಾಗೆ ಹೋಗ್ತಾ ಇರೋ ಅಜ್ಜನ್ನ ನೋಡ್ರಿ, ನಮ್ಮ ಮಾವನ ಹಂಗೇ ಇಲ್ವಾ? ತರಗತಿಯಲ್ಲಿ ಮಾತಾಡಿ ಮಾತಾಡಿ ದಣಿದು ಮನೆಯಲ್ಲಿ ಮೌನವಾಗಿರುತ್ತಿದ್ದವಳು, ನಿವೃತ್ತಿಯಾದ ಮೇಲೆ ಮಾತು ಬೆಳೆಸಿಕೊಂಡಿದ್ದಾಳೆ ಎಂದುಕೊಂಡೆ. ಅವಳು ಹೇಳಿದ ಹಂಪು, ಹೇಳಿದ ಸೈಕಲ್ಲು ನನಗೆ ಅನುಕೂಲವಾಗುತ್ತಿತ್ತು ಎಂಬುದನ್ನೂ ಗಮನಿಸಿದ್ದೆ. ಅದರ ಮುಂದಕ್ಕೆ ಯೋಚಿಸಲು ಹೋಗಲಿಲ್ಲ.

ಊರು ಮುಟ್ಟುವ ಮೊದಲು ಬ್ರಹ್ಮಗಿರಿಯ ಶಾಸನ ನೋಡಲು ತಿರುಗಿದೆವು. ಬಂಡೆಯ ಮೇಲಿನ ಬ್ರಾಹ್ಮೀ ಅಕ್ಷರ ನೋಡಲು ಬಂದ ಯಾರಿಗೂ ಓದಲು ಬರುವುದಿಲ್ಲ, ಆದ್ದರಿಂದ ಅಲ್ಲಿ ನಾನು ನೆಮ್ಮದಿಯಾಗಿದ್ದೆ. ಎಲ್ಲರ ಹಾಗೆ ಬಗ್ಗಿ ನೋಡಿದೆ, ಎಲ್ಲರ ಹಾಗೆ ಹೂಂ ಎಂದೆ. ಕಷ್ಟವಾದದ್ದು ಪಕ್ಕದ ಕನ್ನಡದ ಬೋರ್ಡು.

"ನನ್ ಕನ್ನಡಕ ವ್ಯಾನ್ನಾಗೆ ಉಳೀತು. ಏನ್ ಬರ್ದಾರೆ ಓದ್ರಿ" ಎಂದಳು.

ನಾನು ಬೋರ್ಡಿನ ಮುಂದೆ ನೆಟ್ಟಗೆ ನಿಂತು, ಶಾಲೆಯಲ್ಲಿ ಕಲಿತದ್ದನ್ನೆಲ್ಲ ನೆನಪಿನಿಂದ ಹೇಳಿದೆ. ತಂದೆ ತಾಯಿಯ ಮಾತು ಕೇಳಬೇಕು, ಗುರುಗಳಿಗೆ ಗೌರವ ಕೊಡಬೇಕು, ಸತ್ಯ ಹೇಳಬೇಕು. ಅವಳು ಪೂರ್ತಿ ಕೇಳಿಸಿಕೊಂಡಳು. ವಾಪಸು ಬರುವಾಗ ಅವಳ ಕನ್ನಡಕ ಅವಳ ಕೈಚೀಲದ ಬಾಯಲ್ಲೇ ಇತ್ತು ಎಂಬುದು ನನಗೆ ಕಾಣಲಿಲ್ಲ. ಮರುದಿನ ಅವಳೇ ಹೇಳಿದಳು.

ಮೊಳಕಾಲ್ಮೂರಿನಲ್ಲಿ ಪೆಟ್ರೋಲ್ ಬಂಕಿನವರನ್ನು ಕೇಳಿ ಅವರ ಕಾಂಪೌಂಡಿನಲ್ಲಿ ವ್ಯಾನು ನಿಲ್ಲಿಸಿದೆವು. ಸಂಜೆ ನಡೆದು ಪೇಟೆಗೆ ಹೋದೆವು. ಮೆಣಸಿನಕಾಯಿ ಬಜ್ಜಿಯ ಅಂಗಡಿಯ ಬೆಂಚಿನ ಮೇಲೆ ನಮ್ಮ ಪಕ್ಕ ಕೂತವರು ಎಪ್ಪತ್ತು ದಾಟಿದ ಒಬ್ಬ ನೇಕಾರರು. ಮನೆಮಾತು ತೆಲುಗು, ನಮ್ಮ ಜೊತೆ ಕನ್ನಡ. ನಾವು ರುಚಿ ನೋಡುತ್ತ ಊರೂರು ತಿರುಗುತ್ತೇವೆ ಎಂದು ಕೇಳಿ ಅವರಿಗೆ ತಮಾಷೆ ಅನ್ನಿಸಿತು.

"ಅಂಗಡಿ ಬಜ್ಜಿ ತಿಂದು ನಮ್ಮೂರಿಗೆ ಅಂಕ ಕೊಟ್ಟೀರಿ. ನಾಳೆ ನಮ್ಮನೆಗೆ ಬರ್ರಿ, ಉಗ್ಗಾಣಿ ಮಾಡಿಸ್ತೀನಿ. ಎಂಟರ ಮೇಲೆ ಬರ್ರಿ. ಅಷ್ಟೊತ್ತಿಗೆ ಬೀದಿ ಖಾಲಿ ಆಗಿರ್ತೈತೆ."

ಬೀದಿ ಯಾಕೆ ಖಾಲಿಯಾಗಬೇಕು ಎಂದು ನಾನು ಕೇಳಲಿಲ್ಲ. ನನ್ನ ತಲೆಯಲ್ಲಿ ತಿಂಡಿಯ ಸಮಯ ಏಳೂವರೆ ಎಂದು ಬರೆದಾಗಿತ್ತು. ಕರೆದವರ ಮನೆಗೆ ಅರ್ಧ ಗಂಟೆ ಮುಂಚೆ ಹೋಗುವುದು ನನ್ನ ಅಭ್ಯಾಸ. ಹಾಗಾಗಿ ಬೆಳಗ್ಗೆ ಆರೂ ಮುಕ್ಕಾಲಿಗೆ ಗಾಡಿ ಚಾಲೂ ಮಾಡಿದೆ.

"ಎಂಟು ಅಂದಿದ್ರಲ್ರೀ" ಎಂದಳು ಹೆಂಡತಿ.

"ಎಂಟಕ್ಕೆ ತಿಂಡಿ ತಿಂತಾರಾ ಯಾರಾದ್ರೂ?"

"ನಡ್ಕೊಂಡ್ ಹೋಗಾನ. ಹತ್ರಾನೇ ಐತೆ."

"ಅಲ್ಲಿಂದ ಹಂಗೇ ದೇವಸಮುದ್ರಕ್ಕೆ ಹೋಗ್ಬೇಕು. ಮತ್ತೆ ವಾಪಸ್ ಬರೋದು ಟೈಮ್ ದಂಡ."

ನೇಕಾರರ ಬೀದಿ ಪೂರ್ವಕ್ಕೆ ತೆರೆದುಕೊಂಡಿತ್ತು. ತಿರುವಿನಲ್ಲಿ ತಿರುಗಿದ್ದೇ ಸೂರ್ಯ ಎದುರಾದ. ಗಾಜಿನ ತುಂಬ ಬೆಳಕು. ಬೇರೇನೂ ಇಲ್ಲ, ಬಿಳಿ ಬೆಳಕು ಮಾತ್ರ. ನಿಲ್ಲಿಸಬೇಕಿತ್ತು. ನಿಲ್ಲಿಸಿದರೆ ಅವಳಿಗೆ ತಿಳಿಯುತ್ತದೆ ಎಂದು ಮೆಲ್ಲಗೆ ಮುಂದಕ್ಕೆ ಬಿಟ್ಟೆ.

"ರೀ, ಹಾಸು" ಎಂದಳು ಅವಳು. ನನಗೆ ಅರ್ಥವಾಗಲಿಲ್ಲ. "ಬ್ರೇಕ್ ಹಾಕ್ರೀ" ಎಂದು ನನ್ನ ತೋಳು ಹಿಡಿದಳು.

ಬ್ರೇಕು ಹಾಕಿದೆ. ಎಲ್ಲೋ ಕಟ್ಟಿಗೆಗೆ ಕಟ್ಟಿಗೆ ತಾಗಿದ ಸಣ್ಣ ಸದ್ದು ಬಂತು. ಎರಡೂ ಕಡೆಯ ಬಾಗಿಲುಗಳಿಂದ ಜನ ಹೊರಬಂದರು.

ಇಳಿದು ಹತ್ತಿರ ಹೋದಾಗ ಕಂಡಿತು. ಸೀರೆಯ ಉದ್ದಕ್ಕೆ ಬೇಕಾದ ರೇಷ್ಮೆ ಎಳೆಗಳನ್ನು, ಅಂದರೆ ಹಾಸನ್ನು, ಮಗ್ಗಕ್ಕೆ ಏರಿಸುವ ಮೊದಲು ಬೀದಿಯುದ್ದಕ್ಕೂ ಸೊಂಟದೆತ್ತರಕ್ಕೆ ಎಳೆದು ಕಟ್ಟಿ, ಗಂಜಿ ಸವರಿ, ಎಳೆ ಎಳೆ ಬಿಡಿಸುತ್ತಾರೆ. ಬಿಸಿಲೇರುವ ಮೊದಲು ಆ ಕೆಲಸ ಮುಗಿಯಬೇಕು. ಅದಕ್ಕೇ ಅವರು ಎಂಟರ ಮೇಲೆ ಎಂದದ್ದು. ಸಾವಿರಾರು ಕೆನೆ ಬಣ್ಣದ ಎಳೆಗಳು, ಒಂದು ಮೊಳ ಅಗಲ, ಬೀದಿಯಷ್ಟು ಉದ್ದ. ಅದು ನನಗೆ ಕಂಡಿರಲಿಲ್ಲ. ಅದರ ತುದಿ ಕಟ್ಟಿದ್ದ ಕವಲು ಕಂಬಕ್ಕೆ ನಮ್ಮ ಬಂಪರು ತಾಗಿ, ಕಂಬ ವಾಲಿತ್ತು. ಅಂಚಿನ ಕೆಲವು ಎಳೆ ತುಂಡಾಗಿ ಗಾಳಿಗೆ ಆಡುತ್ತಿದ್ದವಂತೆ.

"ಎನ್ನಿ ತೆಗಿನಾಯಿ?" ಎಂದರು ನೇಕಾರರು, ಎಷ್ಟು ಹರಿದವು ಎಂದು.

ಅವರ ಹೆಂಡತಿ ಬಗ್ಗಿ ಬೆರಳಲ್ಲಿ ಎಣಿಸಿ "ಪದಕೊಂಡು" ಎಂದರು. ಹನ್ನೊಂದು.

"ನಾನು ಬೇಗ ಬಂದೆ. ತಪ್ಪಾಯ್ತು" ಎಂದೆ.

"ಪರವಾಲೇದು ಸಾರ್. ಹನ್ನೊಂದು ಏನ್ ದೊಡ್ಡದು. ಮೊನ್ನೆ ಒಂದು ಆಕಳ ಕರ ಬಂದು ನಡುವೆ ನುಗ್ಗಿತ್ತು, ಇಡೀ ದಿನ ಹೋಯ್ತು. ಕೂರ್ಚೋಂಡಿ, ಕೂತ್ಕೊಳ್ರಿ."

"ಕರಕ್ಕಿಂತ ವಾಸಿ ಇದಾರೆ ಅಂದಂಗಾಯ್ತು" ಎಂದಳು ನನ್ನ ಹೆಂಡತಿ. ಎಲ್ಲರೂ ನಕ್ಕರು. ನಾನೂ ನಗಲು ನೋಡಿದೆ.

ಜಗುಲಿಯ ಮೇಲೆ ಕೂತೆವು. ನೇಕಾರರ ಹೆಂಡತಿ ಒಂದೊಂದೇ ತುದಿ ಹಿಡಿದು, ಬೆರಳಿಗೆ ಬೂದಿ ಮುಟ್ಟಿಸಿ, ಹೊಸೆದು ಕೂಡಿಸುತ್ತಿದ್ದರು. ಒಂದು ಎಳೆಗೆ ಒಂದು ಉಸಿರಿನಷ್ಟು ಹೊತ್ತು. ನೇಕಾರರು ನನ್ನ ಪಕ್ಕ ರಾಟೆ ಎಳೆದುಕೊಂಡು ಕಂಡಿಕೆ ಸುತ್ತತೊಡಗಿದರು. ಕಂಡಿಕೆ ಎಂದರೆ ಲಾಳಿಯೊಳಗೆ ಇಡುವ ನೂಲಿನ ಪುಟ್ಟ ಕೊಳವೆ. ಆಮೇಲೆ ಎರಡು ಕಂಡಿಕೆ ಎತ್ತಿ ನನ್ನ ಮುಂದೆ ಹಿಡಿದರು.

"ಇದ್ರಾಗೆ ಬಿಳೀದು ಯಾವ್ದು ಹೇಳ್ರಿ ಸಾರ್."

ಎರಡೂ ಒಂದೇ ಬಣ್ಣವಿದ್ದವು, ಹಳೆಯ ಕಾಗದದ ಬಣ್ಣ. "ಎಡಗೈಯಾಗಿರೋದು" ಎಂದೆ.

ಅವರು ಎರಡನ್ನೂ ಬುಟ್ಟಿಗೆ ಹಾಕಿದರು. ನಾನು ಹೆಂಡತಿಯ ಕಡೆ ನೋಡಿದೆ. ಅವಳು ಬೀದಿಯ ಕಡೆ ನೋಡುತ್ತಿದ್ದಳು.

"ನಂಗೂ ಹಂಗೇ ಆಗಿತ್ತು" ಎಂದರು ಅವರು. "ಐವತ್ತು ವರ್ಷ ಮಗ್ಗದಾಗೆ ಕೂತಿದ್ದೆ. ಅಂಚಿನಾಗೆ ಎಳೆ ತಪ್ಪಕ್ಕೆ ಸುರುವಾಯ್ತು. ನಮ್ಮಾಕೆ ಬಟ್ಟೆ ಮೇಲೆ ಕೈಯಾಡ್ಸಿ ಕಂಡ್ಹಿಡಿದ್ಲು, ಬಾಯಿ ಬಿಡಲಿಲ್ಲ. ನಮ್ ಬೀದ್ಯಾಗೆ ಯಾರೂ ಯಾರಿಗೂ ಮಗ್ಗ ಇಳಿ ಅನ್ನಲ್ಲ ಸಾರ್. ಅವನಾಗೇ ಲಾಳಿ ಎತ್ತಿ ಮುಂದಿನೋರ ಕೈಗೆ ಕೊಡಬೇಕು. ನಾನು ಒಂದೂವರೆ ವರ್ಷ ಕೊಡಲಿಲ್ಲ. ಮೂರು ಸೀರೆ ಕೆಟ್ವು."

"ನಾಲ್ಕು" ಎಂದರು ಆಕೆ ಬೀದಿಯಿಂದಲೇ, ತಲೆಯೆತ್ತದೆ.

"ನಾಕು. ಆಮೇಲೆ ಲಾಳಿ ಅವಳ ಕೈಗೆ ಕೊಟ್ಟೆ. ಪೊರೆ ತೆಗೆಸ್ಕೊಂಡೆ. ಈಗ ಎಲ್ಲಾ ಕಾಣ್ತೈತೆ, ಮಗ್ಗ ವಾಪಸ್ ಕೊಡೇ ಅಂದ್ರೆ ಕೊಡಲ್ಲ ಅಂತಾಳೆ."

"ಕೊಡಲ್ಲ" ಎಂದರು ಆಕೆ. "ನನ್ ಸೀರೆ ಅಂಚು ನೋಡ್ರಿ ಅಕ್ಕಾ, ಆಮೇಲೆ ಇವರ್ದು ನೋಡ್ರಿ."

ನನ್ನ ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು.

ತಿಂಡಿ ಬಂದದ್ದು ಎಂಟೂಕಾಲಿಗೆ. ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಅರಿಸಿನ, ಹುಣಸೆಯ ಹುಳಿ, ಮೇಲೆ ಹುರಿಗಡಲೆ ಪುಡಿ. ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ. ಕುಡಿಯಲು ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ. ಉಗ್ಗಾಣಿ ಮೆತ್ತಗಿದ್ದರೂ ಮುದ್ದೆಯಾಗಿರಲಿಲ್ಲ. ಪುಡಿ ನಾಲಿಗೆಗೆ ಒಣಗಿ ಸಿಕ್ಕಿ ಆಮೇಲೆ ಕರಗುತ್ತಿತ್ತು. ಅಂಬಲಿ ಹಿಂದಿನ ದಿನದ್ದು, ಸರಿಯಾದಷ್ಟೇ ಹುಳಿ. ಇವಕ್ಕೆ ಎಷ್ಟು ಅಂಕ ಎಂದು ಯೋಚಿಸುತ್ತಿದ್ದವನಿಗೆ ಯಾಕೋ ಒಬ್ಬ ಬಸ್ ಚಾಲಕರ ನೆನಪು ಬಂತು.

ನನಗಿಂತ ಎಂಟು ವರ್ಷ ಹಿರಿಯರು. ಒಂದು ಬೆಳಗ್ಗೆ ಬಸ್ಸು ಪ್ಲಾಟ್‌ಫಾರಮ್ಮಿಗೆ ತರುವಾಗ ಕಂಬಕ್ಕೆ ಮೆಲ್ಲಗೆ ತಾಗಿಸಿದರು. ನಾನು ಕಿಟಕಿಯ ಬಳಿ ಹೋಗಿ ಗೋಡೆಯ ಮೇಲಿನ ಊರ ಹೆಸರು ಓದಲು ಹೇಳಿದೆ. ಓದಲಾಗಲಿಲ್ಲ. ಕೀ ಇಸಿದುಕೊಂಡು ಇನ್ನೊಬ್ಬನಿಗೆ ಕೊಟ್ಟು, "ಇವತ್ತು ಗಾಡಿ ಬೇಡ, ಮನೆಗೆ ಹೋಗ್ರಿ" ಎಂದೆ. ಅವರು ಮನೆಗೆ ಹೋಗಲಿಲ್ಲ. ಸಂಜೆಯವರೆಗೂ ನಿಲ್ದಾಣದ ಬೆಂಚಿನ ಮೇಲೆ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ನಿಯಮ ಪಾಲಿಸಿದ್ದೆ, ಅದರಲ್ಲಿ ತಪ್ಪಿರಲಿಲ್ಲ. ಆದರೆ ಅವರ ಪಕ್ಕ ಹೋಗಿ ಎರಡು ನಿಮಿಷ ಕೂರಬಹುದಿತ್ತು. ಅದು ನನಗೆ ಹೊಳೆದದ್ದು ಆ ಜಗುಲಿಯ ಮೇಲೆ, ಅಂಬಲಿಯ ಲೋಟ ಕೈಯಲ್ಲಿ ಹಿಡಿದಾಗ.

ಒಂಬತ್ತಕ್ಕೆ ಹೊರಟೆವು. ಹಾಸು ಸುತ್ತಿ ಒಳಗೆ ಒಯ್ದಿದ್ದರು, ಬೀದಿ ಖಾಲಿಯಾಗಿತ್ತು. ವ್ಯಾನಿನ ಹತ್ತಿರ ಬಂದು ನಾನು ಬಲಗಡೆಯ ಬಾಗಿಲು ತೆರೆದೆ. ಹತ್ತಲಿಲ್ಲ. ಸುತ್ತಿ ಬಂದು ಅವಳ ಮುಂದೆ ಕೀ ಹಿಡಿದೆ.

"ಏನು?" ಎಂದಳು.

"ಗಾಡಿ ನೀನು ತಗೋ."

ಅವಳು ತಕ್ಷಣ ತೆಗೆದುಕೊಳ್ಳಲಿಲ್ಲ. "ಯಾವಾಗ್ಲಿಂದ ಹಿಂಗೆ?"

"ದೀಪಾವಳಿಯಿಂದ."

"ಗೌರಿಹಬ್ಬದಿಂದ" ಎಂದಳು. "ನಿಮ್ ನೋಟ್‌ಬುಕ್ ನೋಡ್ರಿ. ಗೌರಿಹಬ್ಬದಿಂದ ಈಚೆಗೆ ಅಕ್ಷರ ದಪ್ಪ ಆಗ್ತಾ ಬಂದಾವೆ. ಈಗ ಒಂದು ಪುಟಕ್ಕೆ ಐದೇ ಸಾಲು. ಒಂದನೇ ಕ್ಲಾಸಿನ ಮಕ್ಕಳು ಬರ್ದಂಗೆ."

"ಗೊತ್ತಿದ್ದೂ ಹೇಳ್ಲಿಲ್ಲ."

"ದಾರಿತುಂಬಾ ಹೇಳ್ತಾನೇ ಬಂದೆನಲ್ರೀ. ಹಂಪು, ಟ್ರ್ಯಾಕ್ಟರು, ಸೈಕಲ್ಲು. ನಂಗೇನು ಟ್ರ್ಯಾಕ್ಟರ್ ನೋಡಿ ಆಗಬೇಕಿತ್ತು?" ಅವಳು ಬೀದಿಯ ಕಡೆ ಕೈ ತೋರಿಸಿದಳು. "ಇವತ್ತು ಎಳೆ. ಅಲ್ಲಿ ಮಗು ಇದ್ದಿದ್ರೆ?"

ನಾನು ಕೀಯನ್ನು ಇನ್ನಷ್ಟು ಮುಂದಕ್ಕೆ ಹಿಡಿದೆ.

ಅವಳು ಕೀ ತೆಗೆದುಕೊಂಡು, ಕನ್ನಡಕ ಒರೆಸಿ, ಸೀಟು ಮುಂದಕ್ಕೆ ಎಳೆದುಕೊಂಡಳು. ಎರಡೂ ಕನ್ನಡಿ ಸರಿಮಾಡಿದಳು. ಗೇರಿನ ಮೇಲೆ ಕೈಯಿಟ್ಟು ಒಂದು, ಎರಡು, ಮೂರು ಎಂದು ಹಾಕಿ ನೋಡಿದಳು. ನಾನು ಎಡಗಡೆ ಹತ್ತಿದೆ. ಮೂರು ವರ್ಷದಲ್ಲಿ ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಕಾಲಿಗೆ ಕೆಲಸವಿಲ್ಲದೆ ಸುಮ್ಮನೆ ನೆಲ ಒತ್ತುತ್ತಿತ್ತು.

ದೇವಸಮುದ್ರದ ದಾರಿ ನನ್ನ ವೇಳಾಪಟ್ಟಿಯಂತೆ ಅರ್ಧ ಗಂಟೆ. ಅವಳಿಗೆ ಒಂದು ಗಂಟೆಯ ಮೇಲಾಯಿತು. ಬಸ್ಸುಗಳಿಗೆಲ್ಲ ದಾರಿ ಬಿಟ್ಟಳು.

"ಮುಂದೆ ಹಂಪ್ ಇರಬೋದು, ನೋಡು" ಎಂದೆ.

"ಕಾಣ್ತೈತೆ."

"ಎಡಗಡೆ ಏನೋ ಬಿಳೀದು ಬರ್ತೈತೆ."

"ಕುರಿ ರೀ. ಕಾಣ್ತೈತೆ. ಸುಮ್ನೆ ಕೂತ್ಕೊಳ್ರಿ."

ಕುರಿಗಳು ರಸ್ತೆ ದಾಟಲು ಶುರುಮಾಡಿದವು. ನಾನಾಗಿದ್ದರೆ ಹಾರ್ನ್ ಹೊಡೆದು ದಾರಿ ಮಾಡಿಕೊಳ್ಳುತ್ತಿದ್ದೆ. ಅವಳು ಎಂಜಿನ್ ಆರಿಸಿ ಕಿಟಕಿ ಇಳಿಸಿದಳು. ಮಂದೆಯ ಹಿಂದೆ ಬಂದ ಕುರಿಗಾಹಿ ದಂಪತಿ ರಸ್ತೆಯ ಪಕ್ಕ ಜಾಲಿಯ ನೆರಳಿನಲ್ಲಿ ಮೂರು ಕಲ್ಲು ಹೂಡಿ ಚಹಕ್ಕೆ ಇಟ್ಟರು. ಅವಳೇ ಇಳಿದು ಮಾತಾಡಿದಳು. ಹತ್ತು ನಿಮಿಷದಲ್ಲಿ ಕುರಿಹಾಲಿನ ಚಹ ನಮ್ಮ ಕೈಗೆ ಬಂತು. ದಪ್ಪ ಹಾಲು, ಬೆಲ್ಲ, ಹೊಗೆಯ ವಾಸನೆ, ಕೊನೆಯಲ್ಲಿ ತುಟಿಗೆ ಅಂಟುವ ಜಿಡ್ಡು.

ನೋಟ್‌ಬುಕ್ಕು ತೆಗೆದು ಅವಳಿಗೆ ಕೊಟ್ಟೆ. "ನೀನೇ ಬರಿ. ಉಗ್ಗಾಣಿಗೆ ಒಂಬತ್ತು, ಅಂಬಲಿಗೆ ಎಂಟು. ಇದಕ್ಕೆ ಹತ್ತು."

"ಹತ್ತಾ? ನೀವು ಯಾವತ್ತೂ ಹತ್ತು ಕೊಟ್ಟೋರಲ್ಲ."

"ಬರಿ. ಹಂಗೇ ಚಳ್ಳಕೆರೆ ಎಣ್ಣೇದು ಆರು ಹೊಡೆದು ಒಂಬತ್ತು ಮಾಡು. ಕದಡಿದ್ದು ಎಣ್ಣೆ ಅಲ್ಲ."

ಅವಳು ಸಣ್ಣ, ದುಂಡು ಅಕ್ಷರದಲ್ಲಿ ಬರೆದಳು. ಆಮೇಲೆ ಫೋನು ತೆಗೆದು, ದಾವಣಗೆರೆಯಲ್ಲಿ ಕಣ್ಣಿನ ಡಾಕ್ಟರನ್ನು ನೋಡಲು ಮುಂದಿನ ಸೋಮವಾರ ಬೆಳಗ್ಗೆ ಹತ್ತಕ್ಕೆ ಹೆಸರು ಬರೆಸಿದಳು. ನಾನು ಒಂಬತ್ತೂವರೆಗೆ ಹೋಗೋಣ ಎಂದೆ. ಹತ್ತು ಎಂದರೆ ಹತ್ತು ಎಂದಳು.

"ಪೊರೆ ತೆಗೆಸಿದ ಮೇಲೆ ಕೀ ವಾಪಸ್ ಕೊಡ್ತೀಯಲ್ಲ?" ಎಂದು ಕೇಳಿದೆ.

ಅವಳು ಲೋಟದ ತಳದ ಚಹವನ್ನು ಕುಡಿದು ಮುಗಿಸಿ, ಸೆರಗಿನಿಂದ ತುಟಿ ಒರೆಸಿಕೊಂಡು, "ನೋಡಾನ" ಎಂದಳು.

ಆಪರೇಷನ್ ಆಗಿ ಐದು ತಿಂಗಳಾಯಿತು. ನನ್ನ ಅಕ್ಷರ ಮತ್ತೆ ಸಣ್ಣದಾಗಿದೆ, ಪುಟಕ್ಕೆ ಇಪ್ಪತ್ತೆರಡು ಸಾಲು. ಇದನ್ನು ಬರೆಯುತ್ತಿರುವುದು ಎಡಗಡೆಯ ಸೀಟಿನಲ್ಲಿ ಕೂತು.